ಕೋಡಿ ಹರಿದ ಆಕಾಶ

ಮಳೆಮೋಡ ಕವಿದ ಆಕಾಶವನ್ನು ಕಣ್ಣು ಕಾಣುವ ಹಾಗೆ ಕ್ಯಾಮೆರಾ ಕಾಣುವುದಿಲ್ಲ. ಮೊಬೈಲ್ ಹಿಡಿದ ಎಲ್ಲರಿಗೂ ಇದು ಒಮ್ಮೆಯಾದರೂ ಅನುಭವಕ್ಕೆ ಬಂದಿರುತ್ತದೆ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಅಕ್ಟೋಬರಿನ ಒಂದು ಸಂಜೆ ಕೆರೆ ಏರಿ ಹತ್ತಿ ನೋಡಿದರೆ, ಒಂದರ ಮೇಲೊಂದು ಪೇರಿಸಿಕೊಂಡ ಮೋಡ, ಅದರ ಕಪ್ಪು ಹೊಟ್ಟೆ, ಉರಿಯುವ ಬಿಳಿ ಅಂಚು, ದೂರದ ಊರಿನ ಮೇಲೆ ಇಳಿಯುತ್ತಿರುವ ಮಳೆ, ಕೆಳಗೆ ತೆನೆ ಕಟ್ಟುತ್ತಿರುವ ರಾಗಿ ಹೊಲ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಚಿತ್ರ ತೆಗೆದು ನೋಡಿದರೆ ಎರಡರಲ್ಲಿ ಒಂದು ಕೆಟ್ಟಿರುತ್ತದೆ. ರಾಗಿಯ ತೆನೆ ತೆನೆಯೂ ಕಂಡು ಆಕಾಶ ಬರಿಯ ಬಿಳಿಯಾಗಿರುತ್ತದೆ. ಇಲ್ಲವೇ ಮೋಡದ ಮಡಿಕೆಗಳೆಲ್ಲ ಮೂಡಿ ಹೊಲ ಮಸಿಯಾಗಿರುತ್ತದೆ.

ಹೆಚ್ಚು ಬೆಲೆಯ ಕ್ಯಾಮೆರಾ ಕೊಂಡರೆ ಈ ತೊಂದರೆ ಸ್ವಲ್ಪ ತಗ್ಗುತ್ತದೆ, ಹೋಗುವುದಿಲ್ಲ. ತೊಂದರೆಯ ಬೇರು ಇರುವುದು ಆಕಾಶದ ಬೆಳಕಿಗೂ ನೆಲದ ಬೆಳಕಿಗೂ ಇರುವ ಅಂತರದಲ್ಲಿ. ಎಲ್ಲಿ ನಿಲ್ಲಬೇಕು, ಯಾವ ದಿಕ್ಕಿಗೆ ತಿರುಗಬೇಕು, ಯಾವ ಹೊತ್ತಿಗೆ ಗುಂಡಿ ಒತ್ತಬೇಕು ಎಂಬ ತೀರ್ಮಾನಗಳೆಲ್ಲ ಈ ಒಂದು ಅಂತರವನ್ನು ಹಿಡಿತಕ್ಕೆ ತರುವ ದಾರಿಗಳು.

ತುಂಬಿದ ಕೆರೆ, ಹೂಳಿನ ಕೆರೆ

ಕ್ಯಾಮೆರಾದ ಲೆನ್ಸಿನ ಹಿಂದೆ ಸೆನ್ಸರ್ ಎಂಬ ಬಿಲ್ಲೆ ಇರುತ್ತದೆ. ಅದರ ಮೇಲೆ ಕೋಟಿ ಲೆಕ್ಕದಲ್ಲಿ ಕಿರುಗುಳಿಗಳಿವೆ. ಷಟರ್ ತೆರೆದಿರುವಷ್ಟು ಹೊತ್ತು ಬೆಳಕು ಬಿದ್ದು ಪ್ರತಿ ಗುಳಿಯಲ್ಲೂ ಎಲೆಕ್ಟ್ರಾನ್‌ಗಳು ಸೇರುತ್ತವೆ. ಷಟರ್ ಮುಚ್ಚಿದ ಮೇಲೆ ಯಾವ ಗುಳಿಯಲ್ಲಿ ಎಷ್ಟು ಸೇರಿವೆ ಎಂದು ಅಳೆದು, ಆ ಅಳತೆಗಳಿಂದಲೇ ಚಿತ್ರ ಕಟ್ಟಲಾಗುತ್ತದೆ.

ಈ ಗುಳಿ ಬಯಲುಸೀಮೆಯ ಕೆರೆ ಇದ್ದ ಹಾಗೆ. ಕೆರೆಯಲ್ಲಿ ನೀರು ಎಷ್ಟಿದೆ ಎಂದು ತೂಬಿನ ಕಲ್ಲುಕಂಬ ನೋಡಿ ಹೇಳಬಹುದು. ಆದರೆ ಆ ಲೆಕ್ಕ ನಡೆಯುವುದು ಕೋಡಿಯ ಮಟ್ಟ ಮುಟ್ಟುವವರೆಗೆ ಮಾತ್ರ. ಕೋಡಿ ಹರಿದ ಮೇಲೆ ಇನ್ನೊಂದು ಇಂಚು ಮಳೆ ಬಂದರೂ ಹತ್ತು ಇಂಚು ಬಂದರೂ ಕೆರೆಯ ಮಟ್ಟ ಅಷ್ಟೇ. ಎಷ್ಟು ನೀರು ಬಂತು ಎಂಬುದಕ್ಕೆ ಕೆರೆಯಲ್ಲಿ ಸಾಕ್ಷಿ ಉಳಿಯುವುದಿಲ್ಲ. ಮೋಡದ ಬೆಳ್ಳನೆಯ ಭಾಗಗಳ ಬೆಳಕು ಬಿದ್ದ ಗುಳಿಗಳು ಹೀಗೆ ತುಂಬಿ ಹರಿದಾಗ, ಮೋಡದ ಒಂದು ಮಡಿಕೆಗೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ ಅಳಿಸಿಹೋಗುತ್ತದೆ. ಎಲ್ಲ ಗುಳಿಗಳೂ ‘ಪೂರ್ತಿ’ ಎಂದೇ ಹೇಳುತ್ತವೆ, ಚಿತ್ರದಲ್ಲಿ ಅಚ್ಚ ಬಿಳಿ ಬರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಕಪ್ಪು ಬೆರೆಸಿದರೂ ಆ ಬಿಳಿ ಬೂದಿಯಾಗುತ್ತದೆಯೇ ಹೊರತು ಮೋಡವಾಗುವುದಿಲ್ಲ.

ಕೆರೆಯ ತಳದಲ್ಲಿ ಇನ್ನೊಂದು ತೊಡಕಿದೆ, ಹೂಳು. ನೀರು ಬಹಳ ಕಡಿಮೆ ಇದ್ದಾಗ ನೀರೆಷ್ಟು ಕೆಸರೆಷ್ಟು ಎಂದು ಬೇರ್ಪಡಿಸಿ ಹೇಳಲಾಗದು. ಕತ್ತಲ ಹೊಲದ ಬೆಳಕು ಬಿದ್ದ ಗುಳಿಯಲ್ಲೂ ಎಲೆಕ್ಟ್ರಾನ್‌ಗಳು ಕೆಲವೇ ಇರುತ್ತವೆ. ಜೊತೆಗೆ ಯಂತ್ರದ್ದೇ ಆದ ಅಡ್ಡಾದಿಡ್ಡಿ ಏರಿಳಿತ ಸೇರಿರುತ್ತದೆ. ಅಂಥ ಭಾಗವನ್ನು ಎಳೆದು ಬೆಳಗಿಸಿದರೆ ಬಣ್ಣ ಬಣ್ಣದ ಚುಕ್ಕೆಗಳು ಏಳುವುದು ಇದರಿಂದಲೇ. ಆದರೂ ಹೂಳಿನಿಂದ ಸ್ವಲ್ಪವಾದರೂ ಮಾಹಿತಿಯನ್ನು ಹೊರತೆಗೆಯಬಹುದು. ಕೋಡಿ ದಾಟಿ ಹೋದದ್ದನ್ನು ಏನು ಮಾಡಿದರೂ ತರಲಾಗದು. ಆಕಾಶದ ಚಿತ್ರಕಾರರು ಮೊದಲು ಮೋಡವನ್ನು ಕಾಪಾಡಿಕೊಂಡು ಆಮೇಲೆ ನೆಲದ ಕಡೆ ನೋಡುವುದು ಈ ಒಂದು ಕಾರಣಕ್ಕೆ.

ಮೆಟ್ಟಿಲುಗಳ ಲೆಕ್ಕ

ಹೂಳಿನಿಂದ ಕೋಡಿಯವರೆಗಿನ ಆಳವನ್ನು ಬೆಳಕಿನ ಹರವು ಎನ್ನಬಹುದು. ಇದನ್ನು ಅಳೆಯುವುದು ಇಮ್ಮಡಿಯ ಮೆಟ್ಟಿಲುಗಳಲ್ಲಿ. ಛಾಯಾಗ್ರಾಹಕರ ಬಾಯಲ್ಲಿ ಇದು ‘ಸ್ಟಾಪ್’. ಒಂದು ಮೆಟ್ಟಿಲು ಏರಿದರೆ ಬೆಳಕು ಎರಡು ಪಟ್ಟು, ಎರಡು ಏರಿದರೆ ನಾಲ್ಕು ಪಟ್ಟು, ಹತ್ತು ಏರಿದರೆ 1,024 ಪಟ್ಟು. ಸ್ಲೈಡ್ ಫಿಲ್ಮ್ ಹಿಡಿಯುತ್ತಿದ್ದುದು ಐದಾರು ಮೆಟ್ಟಿಲು. ಇಂದಿನ ದೊಡ್ಡ ಸೆನ್ಸರಿನ ಕ್ಯಾಮೆರಾಗಳು ಸುಮಾರು 14 ಮೆಟ್ಟಿಲು ಹಿಡಿಯುತ್ತವೆ. ಮೊಬೈಲಿನ ಸೆನ್ಸರ್ ಉಗುರಿನಷ್ಟು, ಗುಳಿಗಳೂ ಅಷ್ಟೇ ಚಿಕ್ಕವು, ಬೇಗ ತುಂಬುತ್ತವೆ. ಚಿತ್ರವನ್ನು ಜೆಪೆಗ್ ಕಡತವಾಗಿ ಉಳಿಸಿದರೆ ಪ್ರತಿ ಬಣ್ಣಕ್ಕೂ 256 ಹಂತಗಳಷ್ಟೇ ಸಿಗುತ್ತವೆ. 14 ಬಿಟ್‌ನ ಕಚ್ಚಾ ಕಡತದಲ್ಲಿ, ಅಂದರೆ ‘ರಾ’ ಕಡತದಲ್ಲಿ, 16,384 ಹಂತಗಳಿರುತ್ತವೆ. ಮೋಡದ ಬಿಳಿಯಲ್ಲಿರುವ ನಯವಾದ ಭೇದಗಳು ಬದುಕಿ ಉಳಿಯುವುದು ಈ ಎರಡನೆಯದರಲ್ಲಿ.

ಮುಳುಗುವ ಸೂರ್ಯನ ಪಕ್ಕದ ಮೋಡಕ್ಕೂ ಅದರ ಕೆಳಗಿನ ಹುಣಸೆ ಮರದ ನೆರಳಿಗೂ ಸಾವಿರ ಪಟ್ಟಿಗಿಂತ ಹೆಚ್ಚಿನ ಅಂತರ ಇರುವುದು ಸಾಮಾನ್ಯ. ಹೊಳಪು ಕಾಗದದ ಮೇಲೆ ಅಚ್ಚಾದ ಚಿತ್ರದಲ್ಲಿ ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಅಂತರ ಸುಮಾರು ನೂರು ಪಟ್ಟು ಮಾತ್ರ. ಹಿಡಿದದ್ದನ್ನು ಇನ್ನೂ ಕಿರಿದಾದ ಜಾಗಕ್ಕೆ ಮಡಿಸಿ ತೋರಿಸಬೇಕು ಎಂದಾಯಿತು.

ಕಣ್ಣಿಗೆ ಏಕೆ ಈ ಕಷ್ಟವಿಲ್ಲ? ಕಣ್ಣು ಇಡೀ ದೃಶ್ಯವನ್ನು ಒಂದೇ ಏಟಿಗೆ ಅಳೆಯುವುದಿಲ್ಲ. ಮೋಡದ ಮೇಲೆ ನೆಟ್ಟಾಗ ಪಾಪೆ ಕಿರಿದಾಗುತ್ತದೆ, ಹೊಲಕ್ಕೆ ಇಳಿದಾಗ ಹಿಗ್ಗುತ್ತದೆ. ಅಕ್ಷಿಪಟವೂ ಜಾಗ ಜಾಗಕ್ಕೆ ತನ್ನ ಸೂಕ್ಷ್ಮತೆಯನ್ನು ಬದಲಿಸಿಕೊಳ್ಳುತ್ತದೆ. ಈ ತುಣುಕು ನೋಟಗಳನ್ನೆಲ್ಲ ಮಿದುಳು ಹೊಲಿದು ಒಂದು ಮಾಡುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದು ನೋಟ, ಒಂದು ಅಳತೆ. ಅದರ ಬೆಳಕಿನ ಮಾಪಕ ಚೌಕಟ್ಟಿನಲ್ಲಿರುವುದನ್ನೆಲ್ಲ ನಡುಬೂದು ಎಂದು ಎಣಿಸಿ ಸರಾಸರಿ ತೆಗೆಯುತ್ತದೆ. ಚೌಕಟ್ಟಿನಲ್ಲಿ ಹೊಲ ಹೆಚ್ಚಿದ್ದರೆ ಹೊಲಕ್ಕೆ ತಕ್ಕ ಬೆಳಕು ಬಿಟ್ಟುಕೊಂಡು ಆಕಾಶವನ್ನು ಕೋಡಿ ಹರಿಸುತ್ತದೆ.

ಆಕಾಶವೇ ಇಲ್ಲದ ಕಾಲ

ಛಾಯಾಗ್ರಹಣದ ಮೊದಲ ದಶಕಗಳ ಚಿತ್ರಗಳಲ್ಲಿ ಮೋಡ ಅಪರೂಪ. ಆಗಿನ ಕಾಗದ ಮತ್ತು ಗಾಜಿನ ನೆಗೆಟಿವ್‌ಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ಕೆಂಪು, ಹಸಿರು ತಾಗುತ್ತಿದ್ದುದು ಬಹಳ ಕಡಿಮೆ. ನೀಲಿ ಆಕಾಶವೂ ಬಿಳಿ ಮೋಡವೂ ಅವುಗಳ ಪಾಲಿಗೆ ಒಂದೇ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಅಧಿಕಾರಿ ಲಿನೀಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಸೆರೆಹಿಡಿದ. ಮರುವರ್ಷ ಬರ್ಮಾದಲ್ಲಿ ತೆಗೆದ ಚಿತ್ರಗಳಿಗೆ ಬರಿದಾದ ಆಕಾಶ ಸಾಲದೆಂದು ನೆಗೆಟಿವ್ ಮೇಲೆಯೇ ಕುಂಚದಿಂದ ಮೋಡ ಬರೆದ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಅದೇ ದಶಕದಲ್ಲಿ ಬೇರೆ ದಾರಿ ಹಿಡಿದ. ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿ ಅಚ್ಚು ಹಾಕಿದ. ಇಂದು ಮೊಬೈಲು ಕಣ್ಣು ಮಿಟುಕಿಸುವುದರಲ್ಲಿ ಹಲವು ಚಿತ್ರ ತೆಗೆದು ಬೆಸೆಯುವುದು ಅದೇ ಉಪಾಯದ ಮುಂದುವರಿಕೆ.

ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮ್ 20ನೇ ಶತಮಾನದಲ್ಲಿ ಬಳಕೆಗೆ ಬಂದ ಮೇಲೆ ಬಣ್ಣದ ಗಾಜುಗಳಿಗೆ ಅರ್ಥ ಬಂತು. ಕೆಂಪು ಗಾಜು ಆಕಾಶದ ನೀಲಿಯನ್ನು ತಡೆಯುತ್ತದೆ, ಮೋಡದ ಬಿಳಿಯಲ್ಲಿರುವ ಕೆಂಪನ್ನು ಬಿಡುತ್ತದೆ. ಆಕಾಶ ಕಪ್ಪಾಗಿ ಮೋಡ ಮುಂದೆ ಬರುತ್ತದೆ. ಅಮೆರಿಕದ ಆನ್ಸೆಲ್ ಆ್ಯಡಮ್ಸ್ 1927ರಲ್ಲಿ ಹಾಫ್ ಡೋಮ್ ಬಂಡೆಯ ಹಿಂದಿನ ಆಕಾಶವನ್ನು ಕಪ್ಪಾಗಿಸಿದ್ದು ಈ ಬಗೆಯಲ್ಲಿ.

ಮೋಡಕ್ಕೆ ಮೈ ಬರುವುದು ಓರೆ ಬೆಳಕಿನಲ್ಲಿ

ಒಂದು ಘನ ಮೀಟರ್ ಮೋಡದಲ್ಲಿ ಇರುವ ನೀರು ಅರ್ಧ ಗ್ರಾಂ ಆಸುಪಾಸು. ಆದರೆ ಅದು ಕೋಟಿಗಟ್ಟಲೆ ಸಣ್ಣ ಹನಿಗಳಾಗಿ ಹರಡಿದೆ. ಹನಿಗಳು ಎಲ್ಲ ಬಣ್ಣಗಳನ್ನೂ ಸಮನಾಗಿ ಚೆದುರಿಸುವುದರಿಂದ ಮೋಡ ಬಿಳಿ. ದಪ್ಪ ಮೋಡದೊಳಗೆ ಹೊಕ್ಕ ಬೆಳಕು ಹನಿಯಿಂದ ಹನಿಗೆ ಬಡಿದು ಬಹುಪಾಲು ಮೇಲಕ್ಕೂ ಪಕ್ಕಕ್ಕೂ ಹೊರಟುಹೋಗುತ್ತದೆ. ತಳಕ್ಕೆ ಇಳಿದು ಬರುವುದು ಅಲ್ಪ. ಅದಕ್ಕೇ ಮಳೆಮೋಡದ ಹೊಟ್ಟೆ ಕಪ್ಪು. ಅಂಚು ತೆಳು. ಸೂರ್ಯ ಅದರ ಹಿಂದಿದ್ದಾಗ ಬೆಳಕು ಹೆಚ್ಚು ತಿರುಗದೆ ಮುಂದಕ್ಕೇ ದಾಟಿ ಬಂದು ಬೆಳ್ಳಿಗೆರೆ ಎಳೆಯುತ್ತದೆ.

ಮೋಡದ ಉಬ್ಬುತಗ್ಗು ಕಾಣಬೇಕಾದರೆ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದಕ್ಕೆ ನೆರಳು ಬೇಕು. ಚಿಕ್ಕಬಳ್ಳಾಪುರ ಜಿಲ್ಲೆ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ ದಾಟಿದ ಜಾಗದಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟ ಗೂಟಕ್ಕೆ ನೆರಳು ಇರುವುದಿಲ್ಲ. ಆ ಬೆಳಕಿನಲ್ಲಿ ಮೋಡಕ್ಕೂ ಮಗ್ಗುಲಿಲ್ಲ, ಹೊಲದ ಸಾಲಿಗೂ ಮಗ್ಗುಲಿಲ್ಲ. ಯೂರೋಪಿನ ಪುಸ್ತಕಗಳು ಹೇಳುವ ಉದ್ದನೆಯ ಬಂಗಾರದ ಹೊತ್ತು ಇಲ್ಲಿಗೆ ಹೊಂದುವುದಿಲ್ಲ. ಸೂರ್ಯ ಇಲ್ಲಿ ಹೆಚ್ಚು ಕಡಿಮೆ ನೇರವಾಗಿ ಇಳಿಯುತ್ತಾನೆ, ಗಂಟೆಗೆ ಸುಮಾರು 14 ಡಿಗ್ರಿ. ಓರೆ ಬೆಳಕು ಸಿಗುವುದು ಬೆಳಗಿನ ಮತ್ತು ಸಂಜೆಯ ಒಂದೊಂದು ಗಂಟೆ.

ಮುಂಗಾರಿಗೆ ಬೆಳಗ್ಗೆ, ಹಿಂಗಾರಿಗೆ ಸಂಜೆ

ಆಕಾಶದ ಚಿತ್ರ ಎಂದರೆ ಮುಳುಗುವ ಸೂರ್ಯನ ಕಡೆ ಕ್ಯಾಮೆರಾ ತಿರುಗಿಸುವುದು ಎಂಬ ರೂಢಿ ಬೇರೂರಿದೆ. ಬೆಳಕಿನ ಅಂತರ ಅತಿ ಹೆಚ್ಚಾಗಿರುವುದು ಆ ದಿಕ್ಕಿನಲ್ಲೇ. ಬೆನ್ನು ತಿರುಗಿಸಿ ನೋಡಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಬೆನ್ನ ಹಿಂದೆ ತಗ್ಗಿದ ಸೂರ್ಯ, ಎದುರಿಗೆ ಕಪ್ಪು ಮೋಡ, ನಡುವಿನ ಹೊಲದ ಮೇಲೆ ನೇರ ಬಿಸಿಲು. ಈಗ ನೆಲ ಬೆಳಗುತ್ತಿದೆ, ಆಕಾಶ ಮಬ್ಬಾಗಿದೆ. ಎರಡರ ನಡುವೆ ಉಳಿದಿರುವುದು ಎರಡೋ ಮೂರೋ ಮೆಟ್ಟಿಲು. ಹಳೆಯ ಮೊಬೈಲೂ ಅದನ್ನು ಸಲೀಸಾಗಿ ಹಿಡಿಯುತ್ತದೆ. ಹೊಲ ಬೆಳಕಿನಲ್ಲಿ, ಆಕಾಶ ಕತ್ತಲಲ್ಲಿ ಇರುವುದು ದಿನನಿತ್ಯ ಕಾಣುವುದಕ್ಕೆ ತಿರುಗುಮುರುಗು, ಆದ್ದರಿಂದಲೇ ನೋಡುವವರನ್ನು ಹಿಡಿದು ನಿಲ್ಲಿಸುತ್ತದೆ. ಬಿರುಗಾಳಿಯ ಆಕಾಶದ ಒಳ್ಳೆಯ ಚಿತ್ರಗಳಲ್ಲಿ ಬಹಳಷ್ಟು ಹೀಗೆ ಹುಟ್ಟಿದವು.

ಹಾಗಾದರೆ ಮೋಡ ಬರುವ ದಿಕ್ಕೂ ಬಿಸಿಲು ಬರುವ ದಿಕ್ಕೂ ಎದುರುಬದುರು ಇರುವ ಹೊತ್ತನ್ನು ಹುಡುಕಬೇಕು. ಜಂಗಮಕೋಟೆಯ ಸೀಮೆಗೆ ಪಂಚಾಂಗವೇ ಇದನ್ನು ಹೇಳುತ್ತದೆ. ಹಿಂಗಾರಿನಲ್ಲಿ, ಚಿತ್ತೆ ಸ್ವಾತಿ ಮಳೆಗಳ ಅಕ್ಟೋಬರ್‌ನಲ್ಲಿ, ಮೋಡ ಬಂಗಾಳ ಕೊಲ್ಲಿಯ ಕಡೆಯಿಂದ ಬರುತ್ತದೆ. ಸಂಜೆಯ ಸೂರ್ಯ ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ ವಾಲಿರುತ್ತಾನೆ. ಅವನಿಗೆ ಬೆನ್ನು ಹಾಕಿ ಪೂರ್ವಕ್ಕೆ ತಿರುಗಿದರೆ ಕೈವಾರ, ಅಂಬಾಜಿದುರ್ಗದ ಬಂಡೆಗುಡ್ಡಗಳ ಕಡೆಯ ಆಕಾಶದಲ್ಲಿ ಮೋಡ ಏಳುತ್ತಿರುತ್ತದೆ, ಬಿಸಿಲು ನೆಟ್ಟಗೆ ಅದರ ಮುಖಕ್ಕೆ ಬೀಳುತ್ತಿರುತ್ತದೆ. ರಾಗಿ ತೆನೆಯಾಗುವ ಕಾಲವೂ ಅದೇ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮದಿಂದ. ಮಲೆನಾಡಿನಲ್ಲಿ ಮಳೆ ಸುರಿಸಿ ಹಗುರಾದ ಮೋಡಗಳು ಬಯಲುಸೀಮೆಗೆ ಚೂರುಚೂರಾಗಿ ಬರುತ್ತವೆ. ಆಗ ಬೆಳಗಿನ ಬಿಸಿಲು ಬೆನ್ನಿಗಿದ್ದು ಪಶ್ಚಿಮದ ಮೋಡ ಎದುರಿಗಿರಬೇಕು. ಮುಂಗಾರಿನ ಬೆಳಗ್ಗೆ ಆಕಾಶ ಮುಚ್ಚಿಕೊಂಡಿರುವುದೇ ಹೆಚ್ಚಾದ್ದರಿಂದ ಈ ಅವಕಾಶ ಹಿಂಗಾರಿನಷ್ಟು ಸುಲಭವಲ್ಲ. ಆದರೆ ಬಿರುಕು ಬಿಟ್ಟ ಮೋಡದಿಂದ ಬಿಸಿಲಿನ ಮಚ್ಚೆಗಳು ನೆಲದ ಮೇಲೆ ಓಡುವುದು ಈ ಕಾಲದಲ್ಲೇ. ಒಂದು ಮಚ್ಚೆ ಹಿಪ್ಪುನೇರಳೆ ತೋಟದ ಮೇಲೋ ಊರ ಗುಡಿಯ ಗೋಪುರದ ಮೇಲೋ ಬರುವವರೆಗೆ ಕಾದು ನಿಂತರೆ, ಮಿಕ್ಕ ನೆಲವೆಲ್ಲ ಮೋಡದ ನೆರಳಿನಲ್ಲಿ ಅಡಗಿ, ಚಿತ್ರಕ್ಕೆ ಒಂದು ನಡುಮನೆ ಸಿಗುತ್ತದೆ.

ಭರಣಿ ಕೃತ್ತಿಕೆಯ ಗುಡುಗು ಮಳೆಗಳಿಗೆ ಗೊತ್ತಾದ ದಿಕ್ಕಿಲ್ಲ. ಹಗಲಿನ ಕಾವಿಗೆ ಎದ್ದ ಮೋಡ ಮಧ್ಯಾಹ್ನ ಕಳೆದ ಮೇಲೆ ಎಲ್ಲಿ ಬೇಕಾದರೂ ಒಡೆಯಬಹುದು. ಮಳೆ ಪೂರ್ವಕ್ಕೆ ದಾಟಿ ಪಶ್ಚಿಮ ತೆರೆದುಕೊಂಡರೆ ಕಾಮನಬಿಲ್ಲು ಏಳುತ್ತದೆ. ಅದು ಯಾವಾಗಲೂ ಸೂರ್ಯನಿಗೆ ನೇರ ಎದುರಿನ ಬಿಂದುವಿನ ಸುತ್ತ 42 ಡಿಗ್ರಿಯ ವೃತ್ತದಲ್ಲಿರುತ್ತದೆ. ಆದ್ದರಿಂದ ನೋಡುವವರ ಸ್ವಂತ ನೆರಳು ಬಿಲ್ಲಿನ ನಟ್ಟನಡುವಿಗೆ ಬೆರಳು ಮಾಡುತ್ತದೆ. ಬಿಲ್ಲು ಮೂಡುವ ಮೊದಲೇ ಅದರ ಜಾಗ ಗುರುತಿಸಿ, ಅದರಡಿಗೆ ಒಂದು ಮರವನ್ನು ತಂದು ನಿಲ್ಲಿಸಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಬಯಲಿನ ಕೆರೆ ಏರಿ, ಒಂಟಿ ಹುಣಸೆ ಮರ, ಲೋಹದ ಟ್ರೈಪಾಡ್, ಇವೆಲ್ಲ ಸಿಡಿಲಿಗೆ ಹತ್ತಿರದ ಜಾಗಗಳು. ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ. ಚಿತ್ರ ಬಿಟ್ಟು ಕಟ್ಟಡದೊಳಗೋ ಕಾರಿನೊಳಗೋ ಸೇರಬೇಕಾದ ಹೊತ್ತು ಅದು.

ಸೂರ್ಯನ ಕಡೆಗೇ ತಿರುಗಿದರೆ

ಪಶ್ಚಿಮವನ್ನೇ ಹಿಡಿಯಬೇಕೆಂದರೆ ನೆಲವನ್ನು ಬಿಟ್ಟುಕೊಡಬೇಕು. ಕಪ್ಪಾದ ನೆಲದಲ್ಲಿ ಉಳಿಯುವುದು ಹೊರಗೆರೆ ಒಂದೇ. ಆ ಗೆರೆ ಗುರುತು ಹಿಡಿಯುವಂತಿರಬೇಕು. ಹುಣಸೆ ಮರದ ದುಂಡು, ನೀಲಗಿರಿ ತೋಪಿನ ನಿಲುವು, ತೂಬಿನ ಕಂಬ, ದ್ರಾಕ್ಷಿ ಚಪ್ಪರದ ಕಲ್ಲುಗಂಬಗಳ ಸಾಲು ಕಪ್ಪಿನಲ್ಲೂ ತಮ್ಮ ಗುರುತು ಬಿಡುವುದಿಲ್ಲ. ಒಂದಕ್ಕೊಂದು ಅಂಟಿಕೊಂಡರೆ ಮಾತ್ರ ಗೊತ್ತಾಗದ ಗುಡ್ಡೆಯಾಗುತ್ತವೆ; ಎರಡು ಹೆಜ್ಜೆ ಆಚೀಚೆ ಸರಿದು ನಡುವೆ ಆಕಾಶ ಕಾಣುವಂತೆ ಬಿಡಿಸಬೇಕು. 1,478 ಮೀಟರ್ ಎತ್ತರದ ನಂದಿಬೆಟ್ಟ ಮತ್ತು ಅದರ ಸಾಲು ಇಲ್ಲಿಂದ ವಾಯವ್ಯಕ್ಕೆ. ಡಿಸೆಂಬರಿನಲ್ಲಿ ಸೂರ್ಯ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಬೆಟ್ಟದ ಹತ್ತಿರದ ಸೂರ್ಯಾಸ್ತ ಬೇಕಾದವರು ಜೂನ್ ಆಸುಪಾಸು ನೋಡಬೇಕು.

ಸೂರ್ಯ ಮುಳುಗಿದ ಮೇಲೆ ಜನ ಚೀಲ ಕಟ್ಟುತ್ತಾರೆ. ಅದು ಅವಸರ. ಭೂಮಿ ಗುಂಡಗಿರುವುದರಿಂದ ಎತ್ತರದ ಮೋಡಕ್ಕೆ ಸೂರ್ಯ ಇನ್ನೂ ಕಾಣುತ್ತಿರುತ್ತಾನೆ. ಒಂದು ಕಿಲೋಮೀಟರ್ ಎತ್ತರದ ಮೋಡಕ್ಕೆ ಸುಮಾರು 4 ನಿಮಿಷ, 10 ಕಿಲೋಮೀಟರ್ ಎತ್ತರದ ಎಳೆಮೋಡಕ್ಕೆ ಸುಮಾರು 13 ನಿಮಿಷ ಹೆಚ್ಚು ಬಿಸಿಲು ಸಿಗುತ್ತದೆ. ಆ ಬೆಳಕು ನೆಲವನ್ನು ಸವರಿಕೊಂಡು ದಟ್ಟ ಗಾಳಿಯಲ್ಲಿ ಬಹು ದೂರ ಸಾಗಿ ಮೇಲೇರಿರುತ್ತದೆ. ದಾರಿಯಲ್ಲಿ ನೀಲಿಯೆಲ್ಲ ಚೆದುರಿ ಹೋಗಿ ಕೆಂಪು ಉಳಿಯುತ್ತದೆ. ತಗ್ಗಿನ ಮೋಡ ಬೂದಿಯಾಗಿ ಮೇಲಿನದು ಕೆಂಪೇರುವುದು ಹೀಗೆ. ಇದೇ ಹೊತ್ತಿನಲ್ಲಿ ಆಕಾಶದ ಬೆಳಕು ಇಳಿದು ನೆಲಕ್ಕೆ ಹತ್ತಿರವಾಗುತ್ತದೆ, ಅಂತರ ತಾನಾಗಿ ಕುಗ್ಗುತ್ತದೆ.

ಮೋಡದ ಸಂದಿಯಿಂದ ಇಳಿಯುವ ಬಿಸಿಲುಕೋಲುಗಳಿಗೆ ಹಿನ್ನೆಲೆ ಕಪ್ಪಾಗಿರಬೇಕು, ಗಾಳಿಯಲ್ಲಿ ದೂಳೋ ತೇವವೋ ಇರಬೇಕು. ಕೋಲುಗಳು ಕಾಣುವುದು ಆ ಕಣಗಳು ಬೆಳಕನ್ನು ಕಣ್ಣಿನತ್ತ ಚೆದುರಿಸುವುದರಿಂದ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಇಂಥದೇ ಕೋಲೊಂದನ್ನು ನಿಲ್ಲಿಸಿದರು. ಕತ್ತಲ ಹಿನ್ನೆಲೆ ಮತ್ತು ಓರೆ ಬೆಳಕು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ನೆಲವನ್ನು ಕಪ್ಪಾಗಲು ಬಿಡದಿರುವ ಇನ್ನೊಂದು ದಾರಿ ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಮಳೆಗಾಲ ಕಳೆದರೆ ಕೆರೆಗಳು ಬತ್ತುತ್ತಿದ್ದವು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಸಂಸ್ಕರಿಸಿದ ನೀರು ಬರುವ ಕೆರೆಗಳಲ್ಲಿ ಈಗ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ನೀರನ್ನು ನೇರ ಮೇಲಿನಿಂದ ನೋಡಿದರೆ ಅದು ಹಿಂದಿರುಗಿಸುವುದು ಬಿದ್ದ ಬೆಳಕಿನ ನೂರರಲ್ಲಿ ಎರಡು ಭಾಗ. 10 ಡಿಗ್ರಿಯಷ್ಟು ಓರೆಯಾಗಿ ನೋಡಿದರೆ ಮೂರರಲ್ಲಿ ಒಂದು ಭಾಗ, 5 ಡಿಗ್ರಿಗೆ ಇಳಿದರೆ ಅರ್ಧಕ್ಕಿಂತ ಹೆಚ್ಚು. ಏರಿಯ ಮೇಲೆ ನಿಲ್ಲುವುದಕ್ಕಿಂತ ನೀರಂಚಿಗೆ ಇಳಿದು, ಕುಕ್ಕರುಗಾಲಲ್ಲಿ ಕೂತು, ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ ಹಿಡಿದರೆ ಚೌಕಟ್ಟಿನ ಕೆಳಭಾಗಕ್ಕೆ ಆಕಾಶದ ಬೆಳಕೇ ಬರುತ್ತದೆ. ಗಾಳಿ ಬಿದ್ದಿರಬೇಕು ಅಷ್ಟೆ.

ದಿಗಂತವನ್ನು ಎಲ್ಲಿ ಇಡುವುದು

ಮೋಡಕ್ಕೆ ಹೇಳಲು ಹೆಚ್ಚು ಇದ್ದರೆ ದಿಗಂತವನ್ನು ಕೆಳಗೆ ಇಳಿಸಬೇಕು. ಮೂರರಲ್ಲಿ ಎರಡು ಭಾಗ, ಕೆಲವೊಮ್ಮೆ ಐದರಲ್ಲಿ ನಾಲ್ಕು ಭಾಗ ಆಕಾಶಕ್ಕೆ. ನೆಲವನ್ನು ಪೂರ್ತಿ ಬಿಡುವುದು ಸಲ್ಲ. ಮೋಡಕ್ಕೆ ತನ್ನದೇ ಅಳತೆಯಿಲ್ಲ. ಅದು ಎಷ್ಟು ದೊಡ್ಡದು ಎಂದು ಹೇಳುವುದು ಅದರಡಿಯ ಮನೆ, ಮರ, ದನ ಹೊಡೆದುಕೊಂಡು ಹೋಗುವ ಮನುಷ್ಯ.

ಅಗಲ ಲೆನ್ಸಿನ ಸ್ವಭಾವವನ್ನು ಇಲ್ಲಿ ತಿಳಿದಿರಬೇಕು. ತಳ ಒಂದು ಕಿಲೋಮೀಟರ್ ಎತ್ತರದಲ್ಲಿರುವ ಮೋಡಗಳ ಹಾಸನ್ನು ಊಹಿಸಬಹುದು. ದಿಗಂತದಿಂದ 45 ಡಿಗ್ರಿ ಮೇಲೆ ಕಾಣುವ ಮೋಡ ಅಡ್ಡಳತೆಯಲ್ಲಿ ಒಂದು ಕಿಲೋಮೀಟರ್ ದೂರದಲ್ಲಿದೆ. 5 ಡಿಗ್ರಿ ಮೇಲಿರುವುದು ಹನ್ನೊಂದು ಕಿಲೋಮೀಟರಿಗಿಂತ ಆಚೆ. ದಿಗಂತದ ಮೇಲಿನ ಕಿರಿದಾದ ಪಟ್ಟಿಯಲ್ಲಿ ಹತ್ತಾರು ಮೈಲಿಯ ಮೋಡಗಳು ಒತ್ತಾಗಿ ಕೂತಿವೆ, ನೆತ್ತಿಯ ಕಡೆಗೆ ಹೋದಂತೆ ಬಿಡಿಬಿಡಿಯಾಗಿ ಹಿಗ್ಗುತ್ತವೆ. ಗಾಳಿಯ ದಿಕ್ಕಿಗೆ ಸಾಲುಗಟ್ಟಿದ ಮೋಡಗಳಾದರೆ ಆ ಸಾಲುಗಳೆಲ್ಲ ದಿಗಂತದ ಒಂದು ಬಿಂದುವಿನಲ್ಲಿ ಕೂಡುವಂತೆ ಕಾಣುತ್ತವೆ. ಹಿಪ್ಪುನೇರಳೆಯ ಸಾಲುಗಳೂ ಅದೇ ನಿಯಮಕ್ಕೆ ಒಳಪಟ್ಟಿವೆ. ಗಾಳಿಯ ದಿಕ್ಕಿಗೇ ಸಾಲು ಹಿಡಿದ ತೋಟವನ್ನು ಆಯ್ದುಕೊಂಡು, ನೆಲದ ಸಾಲುಗಳು ಕೂಡುವ ಬಿಂದುವನ್ನೂ ಮೋಡದ ಸಾಲುಗಳು ಕೂಡುವ ಬಿಂದುವನ್ನೂ ಹತ್ತಿರ ತಂದರೆ ಚಿತ್ರದ ಎರಡು ಪಾಲು ಒಂದಾಗುತ್ತವೆ. ದೂರದ ಗುಡುಗುಮೋಡಕ್ಕೆ ಈ ಲೆನ್ಸ್ ಸಲ್ಲದು. 12 ಕಿಲೋಮೀಟರ್ ಎತ್ತರದ ಮೋಡವೂ ನೂರು ಕಿಲೋಮೀಟರ್ ಆಚೆಗಿದ್ದರೆ ಏಳು ಡಿಗ್ರಿಯಷ್ಟೇ ಎತ್ತರ ಕಾಣುತ್ತದೆ. ಅದಕ್ಕೆ ದೂರದ ಲೆನ್ಸ್ ಬೇಕು.

ಕೋಡಿಯ ಅಂಚಿಗೆ ತಂದು ನಿಲ್ಲಿಸುವುದು

ಜಾಗ, ದಿಕ್ಕು, ಹೊತ್ತು ಆಯ್ದುಕೊಂಡ ಮೇಲೂ ಅಂತರ ಉಳಿದಿದ್ದರೆ ಉಪಕರಣಗಳಿವೆ. ಮೊಬೈಲಿನಲ್ಲಿ ಮೋಡದ ಬೆಳ್ಳನೆಯ ಭಾಗವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಮೂಡುವ ಗುರುತನ್ನು ಕೆಳಗೆ ಎಳೆದರೆ ಸಾಕು. ಕ್ಯಾಮೆರಾದಲ್ಲಿ ಹಿಸ್ಟೋಗ್ರಾಂ ಎಂಬ ನಕ್ಷೆಯ ಬಲತುದಿ ಗೋಡೆಗೆ ತಾಗದೆ, ಅದರ ಹತ್ತಿರಕ್ಕೆ ಬಂದು ನಿಲ್ಲುವಂತೆ ಬೆಳಕು ಬಿಡಬೇಕು. ತೀರ ಕಡಿಮೆ ಬಿಟ್ಟರೆ ಹೊಲ ಹೂಳಿಗೆ ಬೀಳುತ್ತದೆ.

ಮೇಲರ್ಧಕ್ಕೆ ಬೂದು ಬಣ್ಣವಿದ್ದು ಕೆಳಗೆ ತಿಳಿಯಾಗಿರುವ ಗಾಜು ಆಕಾಶದ ಬೆಳಕನ್ನು ನಾಲ್ಕನೇ ಒಂದಕ್ಕೋ ಎಂಟನೇ ಒಂದಕ್ಕೋ ಇಳಿಸುತ್ತದೆ. ಜಂಗಮಕೋಟೆ ಸುತ್ತಿನ ಚಪ್ಪಟೆ ದಿಗಂತಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಬೆಟ್ಟ ಅಡ್ಡ ಬಂದರೆ ಬೆಟ್ಟದ ತಲೆಯೂ ಕಪ್ಪಾಗುತ್ತದೆ. ಪೋಲರೈಸರ್ ಗಾಜು ನೀಲಿ ಆಕಾಶವನ್ನು ಗಾಢ ಮಾಡಿ ಮೋಡವನ್ನು ಹಾಗೆಯೇ ಬಿಡುತ್ತದೆ. ಗಾಳಿಯ ಅಣುಗಳು ಚೆದುರಿಸಿದ ಬೆಳಕು ಒಂದೇ ತಳದಲ್ಲಿ ಅಲುಗುತ್ತದೆ, ಮೋಡದೊಳಗೆ ನೂರು ಬಾರಿ ಬಡಿದು ಬಂದದ್ದು ಹಾಗಿಲ್ಲ. ಇದರ ಪರಿಣಾಮ ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅತಿ ಹೆಚ್ಚು. ಅಗಲ ಲೆನ್ಸಿಗೆ ಹಾಕಿದರೆ ಆಕಾಶದ ನಡುವೆ ಒಂದು ಕಪ್ಪು ಪಟ್ಟೆ ಬಂದು ಚಿತ್ರ ಕೆಡುತ್ತದೆ.

ಕೊನೆಯದು ಎರಡು ಮೂರು ಚಿತ್ರಗಳ ಬೆಸುಗೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗದಂತೆ ಕೂರಿಸಿ, ಆಕಾಶಕ್ಕೆ ಒಂದು, ನೆಲಕ್ಕೆ ಒಂದು ಅಳತೆಯಲ್ಲಿ ಬೆನ್ನುಬೆನ್ನಿಗೆ ತೆಗೆಯಬೇಕು. ತಡವಾದರೆ ಮೋಡ ಸರಿದಿರುತ್ತದೆ, ಗಾಳಿಗೆ ರಾಗಿ ಬಾಗಿರುತ್ತದೆ, ಅಂಚುಗಳಲ್ಲಿ ಜೋಡಿ ಗೆರೆ ಮೂಡುತ್ತದೆ. ಬೆಸೆಯುವಾಗ ನೆಲವನ್ನು ಆಕಾಶದಷ್ಟೇ ಬೆಳಗಿಸುವ ಆಸೆ ಹುಟ್ಟುತ್ತದೆ. ಹಾಗೆ ಮಾಡಿದ ಚಿತ್ರದಲ್ಲಿ ಬೆಳಕು ಎಲ್ಲಿಂದ ಬಂತೆಂದು ತಿಳಿಯುವುದೇ ಇಲ್ಲ. ಕೆರೆಯಲ್ಲಿ ಬಿದ್ದ ಆಕಾಶದ ಬಿಂಬವನ್ನಂತೂ ನಿಜದ ಆಕಾಶಕ್ಕಿಂತ ಬೆಳ್ಳಗೆ ಮಾಡಬಾರದು. ನೀರು ತನಗೆ ಸಿಕ್ಕ ಬೆಳಕಿಗಿಂತ ಹೆಚ್ಚು ಹಿಂದಿರುಗಿಸಲಾರದು. ನಿಂತ ನೀರಿನಲ್ಲಿ ಬಿಂಬ ಆಕಾಶಕ್ಕಿಂತ ಒಂದೆರಡು ಮೆಟ್ಟಿಲು ಕೆಳಗಿದ್ದರೆ ಕಣ್ಣಿಗೆ ಸರಿ ಎನಿಸುತ್ತದೆ.